ಹಾಟ್ ಬಾಕ್ಸಿನ ಎದುರು ಮುಖ

ಆಷಾಢದ ಸೆಕೆ. ತಲೆಯ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಬಾಸ್ ಬಂದು ನನ್ನ ಮೇಜಿನ ಮೇಲೆ ಒಂದು ಹಾಟ್ ಬಾಕ್ಸ್ ಇಟ್ಟರು. ಹೊರಗೆ ಕೆನೆಬಣ್ಣದ ಪ್ಲಾಸ್ಟಿಕ್, ಒಳಗೆ ಸ್ಟೀಲು, ಮುಚ್ಚಳದ ಮೇಲೆ ನೀಲಿ ಹೂವು, ಎದುರಿಗೆ ಉಬ್ಬಿದ ಅಕ್ಷರಗಳಲ್ಲಿ ಕಂಪನಿಯ ಹೆಸರು. ಮದರಾಸಿನ ಅಂಬತ್ತೂರಿನ ಕಾರ್ಖಾನೆಯೊಂದರ ಮಾಲು. ಬೆಳಿಗ್ಗೆ ಚಪಾತಿ ಹಾಕಿ ಮುಚ್ಚಿದರೆ ಮಧ್ಯಾಹ್ನ ತೆಗೆದಾಗಲೂ ಕೈ ಸುಡುತ್ತಿತ್ತು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ.

"ಎಲ್ಲರೂ ಚೆನ್ನಾಗಿದೆ ಅಂತಾರೆ. ಮನೆಗೆ ಅಂತ ಒಂದು ತಗೋತಾರೆ. ಮದುವೆಗೆ ಕೊಡೋಕೆ ಮಾತ್ರ ಯಾರೂ ತಗೊಳ್ಳೋಲ್ಲ. ಕಂಪನಿಯವರು ಮಾಡಿರೋದೇ ಮದುವೆ ಉಡುಗೊರೆಗೆ ಅಂತ. ಜನ ಹೇಳೋ ಮಾತಲ್ಲಿ ಕಾರಣ ಸಿಕ್ತಾ ಇಲ್ಲ. ನಿಮ್ಮ ಶಾಸ್ತ್ರದಲ್ಲಿ ಸಿಗುತ್ತಾ ನೋಡಿ," ಎಂದರು. ಅವರು ತಮಿಳರು. ಆಫೀಸಿನಲ್ಲಿ ನಮ್ಮ ಮಾತು ಅರ್ಧ ತಮಿಳು, ಅರ್ಧ ಇಂಗ್ಲಿಷು. ಇಲ್ಲಿ ಬಹುಪಾಲು ಅದನ್ನೆಲ್ಲ ನಮ್ಮನೆ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ. ಬಾಗಿಲ ತನಕ ಹೋದವರು ತಿರುಗಿ ನಿಂತು, "ಇದು ನಿಂತರೆ ನಿಮ್ಮ ಮೇಜು ಇರುತ್ತೆ. ಬಿದ್ದರೆ ಮತ್ತೆ ಕೆಳಗಡೆಗೆ," ಎಂದು ಸೇರಿಸಿದರು.

ಕೆಳಗಡೆ ಎಂದರೆ ಕೆಳಗಿನ ಮಹಡಿ. ಮಾರುಕಟ್ಟೆ ಸಮೀಕ್ಷೆ ಮಾಡುವ ಕಚೇರಿ ನಮ್ಮದು. ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದ ಪ್ರಶ್ನಾವಳಿಗಳಲ್ಲಿ ತಪ್ಪು ಹುಡುಕಿ ತಿದ್ದುವವರು ಕೆಳಗೆ ಕೂರುತ್ತಿದ್ದರು. ಯಜಮಾನರಿಗೆ ವಿಮೆ ಕಂಪನಿಯಲ್ಲಿ ಮದರಾಸಿಗೆ ವರ್ಗವಾದಾಗ ನಾನು ಮೈಸೂರಿನಲ್ಲಿ ಭಾಷಾಶಾಸ್ತ್ರ ಪಾಠ ಮಾಡುವ ಕೆಲಸ ಬಿಟ್ಟು ಬಂದಿದ್ದೆ. ಇಲ್ಲಿ ಸಿಕ್ಕಿದ್ದು ಕೆಂಪು ಪೆನ್ನಿನ ಕೆಲಸ. ವರ್ಷಗಟ್ಟಲೆ ಅದನ್ನು ಮಾಡುತ್ತಲೇ, ಸಂಕೇತ ಶಾಸ್ತ್ರವನ್ನು ಪಾಠದ ಕೋಣೆಯಿಂದ ಅಂಗಡಿಗೆ ತರಬಹುದು ಎಂದು ಬಾಸ್‌ನ ಕಿವಿ ಕೊರೆದೂ ಕೊರೆದೂ ಮೇಲೆ ಒಂದು ಮೇಜು ಗಿಟ್ಟಿಸಿಕೊಂಡಿದ್ದೆ. ಕಲಿತದ್ದು ಉಪಯೋಗಕ್ಕೆ ಬರುವ ಜಾಗ ಈ ಊರಿನಲ್ಲಿ ನನಗೆ ಇದೊಂದೇ ಇತ್ತು. ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ.

ಶಾಸ್ತ್ರ ಎಂದಾಕ್ಷಣ ಹೆದರಬೇಕಾಗಿಲ್ಲ. ಒಂದು ವಸ್ತು ಬಾಯಿಲ್ಲದೆಯೂ ಏನನ್ನೋ ಹೇಳುತ್ತಿರುತ್ತದೆ. ಬಾಗಿಲಿಗೆ ಕಟ್ಟಿದ ಮಾವಿನೆಲೆ ಹೇಳುತ್ತದೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಹೇಳುತ್ತದೆ. ಅದು ಹೇಗೆ ಹೇಳುತ್ತದೆ, ಯಾವ ಗುರುತಿನಿಂದ ಹೇಳುತ್ತದೆ ಎಂದು ಬಿಡಿಸಿ ನೋಡುವುದು ನನ್ನ ಕೆಲಸ. ಕೇಳಿದರೆ ಜನ ಹೇಳಲಾರರು. ಮುಚ್ಚಿಡುತ್ತಾರೆ ಅಂತಲ್ಲ, ಅವರಿಗೇ ಗೊತ್ತಿರುವುದಿಲ್ಲ.

ಮೊದಲು ಸಾಮಗ್ರಿ ಗುಡ್ಡೆ ಹಾಕಿದೆ. ತಮಿಳು ವಾರಪತ್ರಿಕೆಗಳ ಜಾಹೀರಾತು, ಲಗ್ನಪತ್ರಿಕೆ, ಪಾತ್ರೆ ಅಂಗಡಿಯ ಕ್ಯಾಲೆಂಡರು, ರಟ್ಟಿನ ಡಬ್ಬಿ, ಮಾಂಬಲದ ಅಂಗಡಿಗಳ ಗಾಜಿನ ಕಿಟಕಿಯ ಫೋಟೊ. ಎಲ್ಲವನ್ನೂ ಆಫೀಸಿನ ನೆಲದ ಮೇಲೆ ಹರಡಿ ಮೂರು ರಾಶಿ ಮಾಡಿದೆ: ಹಳತಾಗಿ ಹೋಗುತ್ತಿರುವ ಗುರುತುಗಳು, ಸದ್ಯ ನಡೆಯುತ್ತಿರುವವು, ಈಗಷ್ಟೇ ತಲೆ ಹಾಕುತ್ತಿರುವವು. ಕಾಫಿ ತರುವವರು ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ಲೋಟ ಇಟ್ಟು ಹೋಗುತ್ತಿದ್ದರು.

ಆಮೇಲಿನದು ಬದಲಿ ಪರೀಕ್ಷೆ. ಈ ವಿದ್ಯೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ವಸ್ತುವಿನಲ್ಲಿ ಒಂದೇ ಒಂದನ್ನು ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಅರ್ಥ ಬದಲಾಯಿತೋ, ಬದಲಿಸಿದ್ದು ಗುರುತು. ಬದಲಾಗಲಿಲ್ಲವೋ, ಅದು ಬರೀ ಅಲಂಕಾರ. ಕೆನೆಬಣ್ಣ ತೆಗೆದು ಕುಂಕುಮದ ಬಣ್ಣ ಹಾಕಿದ ಚಿತ್ರ ಬಿಡಿಸಿದೆ, ನೀಲಿ ಹೂವಿನ ಜಾಗದಲ್ಲಿ ಮಾವಿನಕಾಯಿ ಬಿಡಿಸಿದೆ, ಹಿಡಿ ಬದಲಿಸಿದೆ. ಕೆನೆಬಣ್ಣದ ಪ್ಲಾಸ್ಟಿಕ್ಕು ಅವಸರದ ಬೆಳಗು, ಆಫೀಸಿನ ಊಟ, ಲೋಕಲ್ ಟ್ರೈನು ಎನ್ನುತ್ತಿದೆ, ಮದುವೆ ಎನ್ನುತ್ತಿಲ್ಲ ಎಂದು ತೀರ್ಮಾನಿಸಿದೆ. ಕುಂಕುಮದ ಬಣ್ಣದ ಮೈ, ಸೀರೆಯಂಚಿನ ಹಾಗೆ ಜರಿ ಪಟ್ಟಿ ಇರುವ ರಟ್ಟಿನ ಡಬ್ಬಿ ಮಾಡಿ ಎಂದು ವರದಿ ಬರೆದೆ. ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರು, ನನಗಿಂತ ಚಿಕ್ಕವನು, ಮಾತು ಮಾತಿಗೂ ಟೈ ಸರಿಮಾಡಿಕೊಳ್ಳುವವನು, ವರದಿ ಓದಿ ಕುಣಿದಾಡಿಬಿಟ್ಟ.

ಆಷಾಢ ಕಳೆದು ಆವಣಿಯ, ಅಂದರೆ ತಮಿಳರ ಶ್ರಾವಣದ, ಮದುವೆಗಳು ಶುರುವಾಗುವ ಹೊತ್ತಿಗೆ ಹೊಸ ಬಣ್ಣದ ಮಾಲು ಕೆಲವು ಅಂಗಡಿಗಳಿಗೆ ಬಂತು. ಮಾಂಬಲದ ಒಂದು ದೊಡ್ಡ ಪಾತ್ರೆ ಅಂಗಡಿಯ ಮೂಲೆಯಲ್ಲಿ ಗಿರಾಕಿಯ ಹಾಗೆ ನಿಂತು ನೋಡಿದೆ. ಹೆಂಗಸರು ಬಂದರು. ಹಾಟ್ ಬಾಕ್ಸ್ ಎತ್ತಿಕೊಂಡರು, "ಅಳಗಾ ಇರುಕ್ಕು," ಚಂದ ಇದೆ, ಎಂದರು. ಒಂದು ಸುತ್ತು ತಿರುಗಿಸಿದರು, ಇಟ್ಟರು. ಪಕ್ಕದ ಸ್ಟೀಲಿನ ಕೊಡವನ್ನೋ ಒಂದರ ಮೇಲೊಂದು ಕೂರುವ ಅಡುಕಿನ ಕ್ಯಾರಿಯರನ್ನೋ ತೆಗೆದುಕೊಂಡು ಹೋದರು. ಮದುವೆ ಕಾಲ ಮುಗಿದಾಗ ಕುಂಕುಮದ ಬಣ್ಣದ ಡಬ್ಬಿಗಳು ಅಂಗಡಿಯ ಮೇಲಿನ ಹಲಗೆಗೆ ಏರಿ ಧೂಳು ಕುಡಿಯುತ್ತಿದ್ದವು.

ಮ್ಯಾನೇಜರು ಫೋನಿನಲ್ಲಿ ಬಾಸ್‌ಗೆ ಏನು ಹೇಳಿದನೋ ತಿಳಿಯದು. ಬಾಸ್ ನನಗೆ ಹೇಳಿದ್ದು ಇಷ್ಟೇ: "ಬೆಟ್ಟ ಅಗೆದು ಇಲಿ ಹಿಡಿದಿರಿ. ಸಂಕ್ರಾಂತಿ ಆದ ಮೇಲೆ ತೈ ತಿಂಗಳ ಮದುವೆಗಳಿಗೆ ಅವರು ಮಾಲು ಮಾಡೋಕೆ ಶುರು ಮಾಡ್ತಾರೆ. ಅಷ್ಟರೊಳಗೆ ಏನಾದ್ರೂ ಕೊಡಿ. ಇಲ್ಲಾಂದ್ರೆ ನನಗೂ ಅವರ ಮಾಲೀಕರಿಗೆ ಮುಖ ತೋರಿಸೋಕೆ ಆಗೋಲ್ಲ." ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂಗಿನ ಕೆಳಗೇ ಏನೋ ಇದೆ, ಕಾಣುತ್ತಿಲ್ಲ ಎನ್ನುವ ಸಿಟ್ಟು. ಆ ಹೆಂಗಸರು ಪಾತ್ರೆಯನ್ನು ಸುತ್ತ ತಿರುಗಿಸಿ ಹುಡುಕುತ್ತಿದ್ದದ್ದಾದರೂ ಏನನ್ನು?

ಬಣ್ಣ ಬಿಟ್ಟು ಜಾಗ ನೋಡೋಣ ಎಂದುಕೊಂಡೆ. ಮದುವೆಯಲ್ಲಿ ಹುಡುಗಿಯ ಕಡೆಯವರು ಕೊಡುವ ಪಾತ್ರೆ ಪದಾರ್ಥಗಳನ್ನು ಸಾಲಾಗಿ ಜೋಡಿಸಿಡುತ್ತಾರಲ್ಲ, ತಮಿಳಿನಲ್ಲಿ ಅದಕ್ಕೆ ಸೀರು ಎನ್ನುತ್ತಾರೆ. ನಾಲ್ಕು ಹೆಂಗಸರನ್ನು ಕೂರಿಸಿ, ಅವರ ಮನೆಯ ಉಡುಗೊರೆ ಪಾತ್ರೆಗಳನ್ನೇ ತರಿಸಿ, ನಡುವೆ ಹಾಟ್ ಬಾಕ್ಸನ್ನೂ ಸೇರಿಸಿ, ಸೀರು ಜೋಡಿಸಿ ಎಂದು ಹೇಳುವುದು. ಯಾವುದು ಎಲ್ಲಿ ಕೂರುತ್ತದೆ ಎಂದು ನೋಡುವುದು.

ಜಾಗಕ್ಕೆ ಕ್ರೋಂಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನನ್ನು ಕೇಳಿದೆ. ತುಮಕೂರು ಕಡೆಯವರು, ಯಜಮಾನರು ರೈಲ್ವೆಯಲ್ಲಿ. ಮದುವೆಯಾಗಿ ಈ ಊರಿಗೆ ಬಂದವರು ಇಲ್ಲೇ ಬೇರುಬಿಟ್ಟಿದ್ದರು. ಅವರ ಕನ್ನಡದ ತುಂಬಾ ತಮಿಳು. ಕಾಲೇಜಿಗೆ ಹೋಗುವ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೇ. "ಕಂಡಿಪ್ಪಾ ಬಾಮ್ಮಾ," ಖಂಡಿತ ಬಾ, "ನಮ್ಮನೆ ಹಾಲ್ ಏನು ಸುಮ್ನೆ ಬಿದ್ದಿರುತ್ತೆ," ಎಂದು ಅಕ್ಕ ಒಪ್ಪಿ, ತಾವೂ ಒಬ್ಬರಾಗಿ ಕುಳಿತು, ಬೀದಿಯ ಇನ್ನೂ ಮೂವರನ್ನು ಕರೆದರು.

ಇಲ್ಲಿ ನಮ್ಮ ಕಚೇರಿಯ ಒಂದು ನಿಯಮ ಹೇಳಬೇಕು. ಜನರ ಮುಂದೆ ಇಡುವ ಮಾಲಿನ ಮೇಲೆ ಕಂಪನಿಯ ಹೆಸರು ಕಾಣಬಾರದು, ಕಂಡರೆ ಹೆಸರು ನೋಡಿ ಮಾತಾಡುತ್ತಾರೆ. ಹಾಗೆಯೇ ನಾವು ತೆಗೆಯುವ ಫೋಟೊಗಳಲ್ಲಿ ಮನೆಯವರ ಹೆಸರೂ ಕಾಣಬಾರದು, ಅದು ಅವರ ಗುಟ್ಟು ಕಾಯುವುದಕ್ಕೆ. ಎರಡಕ್ಕೂ ಒಂದೇ ಮದ್ದು, ಬಿಳಿಯ ಅಂಟುಪಟ್ಟಿ. ಅದನ್ನು ಹಾಕುವುದು ನಮಗೆಲ್ಲ ಎಷ್ಟು ರೂಢಿಯೆಂದರೆ ಕೈ ತಾನೇ ಹಾಕುತ್ತಿತ್ತು, ಕಣ್ಣು ನೋಡುತ್ತಲೂ ಇರಲಿಲ್ಲ. ಕೊಡ, ಡಬರಿ, ತಟ್ಟೆ, ಕ್ಯಾರಿಯರು, ಹಾಟ್ ಬಾಕ್ಸು, ಎಲ್ಲದರ ಮೇಲೂ ಪಟ್ಟಿ ಅಂಟಿಸಿ ಜಮಖಾನದ ಮೇಲೆ ಇಟ್ಟೆ.

ಹೆಂಗಸರು ಸ್ವಲ್ಪ ಸಂಕೋಚದಲ್ಲೇ ಜೋಡಿಸಿದರು. ಹಾಟ್ ಬಾಕ್ಸ್ ನಟ್ಟನಡುವೆ ಬಂತು. ಚೆನ್ನಾಗಿದೆ ಎಂದು ಎಲ್ಲರೂ ತಲೆದೂಗಿದರು. ಹಳೆ ಕಥೆಯೇ. ಫೋಟೊ ತೆಗೆದುಕೊಂಡೆ. ಅಷ್ಟರಲ್ಲಿ ಕಾಫಿ ತರಲು ಎದ್ದ ಅಕ್ಕ ತಮ್ಮ ಕೊಡದ ಮುಂದೆ ನಿಂತುಬಿಟ್ಟರು.

"ಇದೇನಮ್ಮಾ, ಪಾತ್ರಕ್ಕೆಲ್ಲ ಬ್ಯಾಂಡೇಜ್ ಕಟ್ಟಿಬಿಟ್ಟಿದ್ದೀಯ? ಅಡಿಗಿಡಿ ಪಟ್ಟಿದ್ಯಾ, ಏಟುಗೀಟು ಬಿದ್ದಿದ್ಯಾ ಅದಕ್ಕೆ?"

"ಹೆಸರು ಕಾಣಬಾರ್ದು ಅಕ್ಕ. ಆಫೀಸ್ ರೂಲ್ಸು."

"ನಿನ್ ರೂಲ್ಸು ಆಫೀಸಲ್ಲೇ ವೆಚ್ಚಿಕೋ. ನಮ್ಮತ್ತೆ ಕೊಟ್ಟ ಕೊಡ ಇದು. ಪಾಪ, ಮೂಗಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ನಿಂತಿದೆ!" ಎಂದವರೇ ಉಗುರಿನಿಂದ ಪಟ್ಟಿಯನ್ನು ಕಿತ್ತೆಸೆದರು.

"ಅಮ್ಮಾ, ಅವಂಗ ವೇಲೆಯೆ ಕೆಡುಕ್ಕಾದೆ," ಅವರ ಕೆಲಸ ಕೆಡಿಸಬೇಡ, ಎಂದು ಮಗಳು ಒಳಗಿನಿಂದ ಕೂಗಿದಳು. ಕೇಳುವವರು ಯಾರು? ಒಬ್ಬರನ್ನು ನೋಡಿ ಇನ್ನೊಬ್ಬರು, ಎಲ್ಲರೂ ಪಟ್ಟಿ ಕಿತ್ತರು, ಹಾಟ್ ಬಾಕ್ಸಿನದೂ ಸೇರಿ. ಆಮೇಲೆ ಮಾತು ಅಣೆಕಟ್ಟು ಒಡೆದ ಹಾಗೆ ಹರಿಯಿತು. ಈ ತಟ್ಟೆ ಸೋದರಮಾವ ಕೊಟ್ಟದ್ದು, ಒಡಹುಟ್ಟಿದ ಅಕ್ಕನ ಮದುವೆಯಲ್ಲಿ ಕೊಡದೆ ನನ್ನ ಮದುವೆಯಲ್ಲಿ ಮಾತ್ರ ಕೊಟ್ಟನೆಂದು ಇವತ್ತಿಗೂ ಅವಳಿಗೆ ಉರಿ. ಈ ಡಬರಿ ಕೊಟ್ಟವರು ಈಗ ಮಾತು ಬಿಟ್ಟಿದ್ದಾರೆ, ಆದರೂ ದಿನಾ ಬೆಳಿಗ್ಗೆ ಹಾಲು ಕಾಯಿಸುವಾಗ ಅವರ ಹೆಸರೇ ಎದುರಿಗೆ. ಇದು ಸತ್ತುಹೋದ ಗೆಳತಿಯದು, ಸೋರಿದರೂ ಗುಜರಿಗೆ ಹಾಕಲು ಮನಸ್ಸಾಗಿಲ್ಲ. ಒಬ್ಬರು ಕಣ್ಣೊರೆಸಿಕೊಂಡರು, ಇನ್ನೊಬ್ಬರು ನಕ್ಕು ನಕ್ಕು ಗೋಡೆಗೊರಗಿದರು. ಮಾತಾಡುತ್ತಲೇ ಅವರ ಕೈಗಳು ನಾನು ಹೇಳದೆಯೇ ಸೀರನ್ನು ಮತ್ತೆ ಜೋಡಿಸಿದವು.

ನಾನು ತಡೆಯಲಿಲ್ಲ. ಕೆಟ್ಟದ್ದು ಹೇಗೂ ಕೆಟ್ಟಿತು, ಇದೂ ಇರಲಿ ಎಂದು ಫೋಟೊ ತೆಗೆದೆ. ಹಾಟ್ ಬಾಕ್ಸ್ ಹಿಂದಿನ ಸಾಲಿಗೆ ಹೋಗಿತ್ತು. ಅದನ್ನು ಬೆನ್ನು ತಿರುಗಿಸಿ, ಕಂಪನಿಯ ಹೆಸರು ಗೋಡೆ ಕಡೆಗೆ ಇರುವ ಹಾಗೆ ಇಟ್ಟಿದ್ದರು. ಯಾಕೆ ತಿರುಗಿಸಿದ್ದು ಎಂದು ಅಕ್ಕನನ್ನು ಕೇಳಿದೆ. "ಯಾರು, ನಾನಾ? ಸುಮ್ನೆ ಕಣಮ್ಮಾ. ಹಾಗಿದ್ರೇ ಚೆನ್ನ," ಎಂದು ಕಾಫಿ ಕೈಗಿತ್ತರು.

ಮಾರನೆಯ ದಿನ ಬಾಸ್ ವರದಿ ಕೇಳಿದವರೇ, "ಪಟ್ಟಿ ಕಿತ್ತರೆ ಆ ಗುಂಪಿನ ಪರೀಕ್ಷೆಯೇ ಕೆಟ್ಟ ಹಾಗೆ. ಎತ್ತಿಟ್ಟು ಬೇರೆ ಮಾಡಿ," ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಆದರೆ ಫೋಟೊಗಳನ್ನು ಎತ್ತಿಡುವ ಮೊದಲು ನೆಲದ ಮೇಲೆ ಹರಡಿದೆ, ಪಟ್ಟಿ ಇದ್ದದ್ದು ಎಡಕ್ಕೆ, ಕಿತ್ತದ್ದು ಬಲಕ್ಕೆ. ಅದೇ ಪಾತ್ರೆ, ಅದೇ ಹೆಂಗಸರು, ಅದೇ ಜಮಖಾನ. ಒಂದೇ ಒಂದು ಬದಲಾಗಿತ್ತು. ನಾನು ತಿಂಗಳುಗಟ್ಟಲೆ ಚಿತ್ರ ಬಿಡಿಸಿ ಮಾಡುತ್ತಿದ್ದ ಬದಲಿ ಪರೀಕ್ಷೆಯನ್ನು ಅಕ್ಕ ಉಗುರಿನಲ್ಲಿ ಮಾಡಿ ಮುಗಿಸಿದ್ದರು, ಅವರಿಗೇ ತಿಳಿಯದೆ.

ಎಡಗಡೆಯ ಫೋಟೊದಲ್ಲಿ ಬಿಳಿ ಪಟ್ಟಿಗಳು ಎಲ್ಲ ಪಾತ್ರೆಗಳ ಮೇಲೂ ಒಂದೇ ಜಾಗದಲ್ಲಿದ್ದವು, ಕಂಠದ ಇಲ್ಲವೆ ಅಂಚಿನ ಕೆಳಗೆ, ಎದುರಿಗೆ. ಆ ಜಾಗದಲ್ಲೇ ಪಾತ್ರೆ ಅಂಗಡಿಯವರು ಸೂಜಿ ಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದು ಕೊಡುವುದು. ಕೊಟ್ಟವರ ಹೆಸರು, ಇಲ್ಲವೆ ಯಾರ ನೆನಪಿಗೆ ಕೊಟ್ಟರೋ ಅವರ ಹೆಸರು. ನಮ್ಮಮ್ಮನ ಅಡುಗೆಮನೆಯಲ್ಲೂ ಇದೇ ಪದ್ಧತಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬಲಗಡೆಯ ಫೋಟೊದಲ್ಲಿ ಎಲ್ಲ ಹೆಸರುಗಳೂ ಎದುರಿಗೆ ತಿರುಗಿ ನಿಂತಿದ್ದವು. ಹಾಟ್ ಬಾಕ್ಸಿನಲ್ಲೂ ಅದೇ ಜಾಗದಲ್ಲಿ ಒಂದು ಹೆಸರಿತ್ತು. ಆದರೆ ಅದು ಕಂಪನಿಯದು. ನೀವು ಕೊಟ್ಟರೂ ಕೊಟ್ಟವರು ಕಂಪನಿಯವರು ಎಂದು ಆ ಪಾತ್ರೆ ಹೇಳುತ್ತಿತ್ತು. ಅಳಿಸುವ ಹಾಗಿಲ್ಲ, ಪ್ಲಾಸ್ಟಿಕ್ಕಿನ ಮೇಲೆ ಇನ್ನೊಂದು ಹೆಸರು ಕೊರೆಸುವ ಹಾಗೂ ಇಲ್ಲ. ಅಂಗಡಿಯಲ್ಲಿ ಹೆಂಗಸರು ಸುತ್ತ ತಿರುಗಿಸಿ ಹುಡುಕುತ್ತಿದ್ದದ್ದು ಹೆಸರಿಗೆ ಒಂದು ಖಾಲಿ ಜಾಗವನ್ನು. ಸಮೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ ಎಂಬುದೂ ತಿಳಿಯಿತು. ಪ್ರತಿ ಸಲವೂ ಆ ಗುರುತಿನ ಮೇಲೆ ನಾವೇ ಪಟ್ಟಿ ಹಾಕಿ, ಆಮೇಲೆ ಗುರುತು ಕಾಣುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಂಡಿದ್ದೆವು. ನೆಲದ ಮೇಲೆ ಕುಳಿತೇ ಜೋರಾಗಿ ನಕ್ಕೆ.

ಬಾಸ್ ನಗಲಿಲ್ಲ. "ಒಂದು ಬೀದಿಯ ನಾಲ್ಕು ಹೆಂಗಸರ ಮೇಲೆ ಯಾರು ನಂಬುತ್ತಾರೆ?" ಎಂದರು. ನ್ಯಾಯವಾದ ಮಾತು. ಪಲ್ಲಾವರಂನಲ್ಲಿ ಒಂದು, ಅಂಬತ್ತೂರಿನಲ್ಲಿ ಒಂದು ಗುಂಪು ಕೂರಿಸಿದೆ. ಈ ಸಲ ಹೆಂಗಸರ ಒಪ್ಪಿಗೆ ಕೇಳಿ, ಬೇಕೆಂದೇ ಮೊದಲು ಪಟ್ಟಿ ಹಾಕಿ ಜೋಡಿಸಿ, ಆಮೇಲೆ ಕಿತ್ತು ಜೋಡಿಸಿ ಎಂದೆ. ಪಲ್ಲಾವರಂನಲ್ಲಿ ಕ್ರೋಂಪೇಟೆಯದೇ ಪುನರಾವರ್ತನೆ. ಅಂಬತ್ತೂರಿನಲ್ಲಿ ಮಾತ್ರ ಹಾಟ್ ಬಾಕ್ಸ್ ನಡುವೆಯೇ ಉಳಿಯಿತು. ಎರಡು ದಿನ ಒದ್ದಾಡಿದೆ. ಆಮೇಲೆ ಧ್ವನಿಸುರುಳಿ ಮತ್ತೆ ಕೇಳಿದಾಗ ತಿಳಿಯಿತು, ಅವರು ಸೀರು ಎನ್ನುವುದನ್ನು ಬಿಟ್ಟು ತಮ್ಮ ತಮ್ಮ ಹೊಸ ಸಂಸಾರಕ್ಕೆ ಕೊಳ್ಳುವ ಮಾತಾಡುತ್ತಿದ್ದರು. ತನಗೆ ತಾನೇ ಕೊಂಡದ್ದಕ್ಕೆ ಯಾರ ಹೆಸರು ಹಾಕಿಸುತ್ತಾರೆ? ಮನೆಗೆ ಒಂದು ಕೊಳ್ಳುತ್ತಾರೆ, ಮದುವೆಗೆ ಕೊಳ್ಳುವುದಿಲ್ಲ ಎನ್ನುವ ಮೊದಲ ಒಗಟೂ ಅಲ್ಲಿಗೆ ಬಿಡಿಸಿಕೊಂಡಿತು.

ಮ್ಯಾನೇಜರಿಗೆ ಫೋನಿನಲ್ಲಿ ಚುಟುಕಾಗಿ ಹೇಳಿದೆ: ಎದುರಿನ ಹೆಸರು ತೆಗೆದು ತಳಕ್ಕೆ ಹಾಕಬೇಕು, ಆ ಜಾಗದಲ್ಲಿ ಕೊರೆಸಲು ಬರುವಂಥ ಸ್ಟೀಲಿನ ಪಟ್ಟಿ ಕೂರಿಸಬೇಕು. "ಮೇಡಂ, ಅದು ಬರೀ ಕಂಪನಿ ಹೆಸರಲ್ಲ. ಮುದಲಾಳಿಯ ತೀರಿಹೋದ ಅಮ್ಮನ ಹೆಸರು. ನಾನಂತೂ ಬಾಯಿ ಬಿಡೋಲ್ಲ. ಹೇಳೋದಿದ್ರೆ ನೀವೇ ಬಂದು ಹೇಳಿ," ಎಂದ. ಕಾರ್ಖಾನೆಯ ಯಜಮಾನರನ್ನು ಅಲ್ಲಿ ಎಲ್ಲರೂ ಮುದಲಾಳಿ ಎಂದೇ ಕರೆಯುತ್ತಿದ್ದದ್ದು.

ಬಾಸ್ ಒಂದು ಮಧ್ಯಮ ದಾರಿ ಹುಡುಕಿದರು. "ಅಕ್ಷರ ಸ್ವಲ್ಪ ಚಿಕ್ಕದು ಮಾಡಿ ಅಂತ ಬರೆಯೋಣ. ಅವರಿಗೂ ಬೇಜಾರಿಲ್ಲ, ನಮಗೂ ಕೆಲಸ ಉಳಿಯುತ್ತೆ." ಮೇಜು ಉಳಿಸಿಕೊಳ್ಳಲು ಅದು ಒಳ್ಳೆಯ ಉಪಾಯವೇ. ಆದರೆ ಚಿಕ್ಕದಾದ ಮಾತ್ರಕ್ಕೆ ಹೆಸರು ಜಾಗ ಬಿಡುವುದಿಲ್ಲವಲ್ಲ. ತೈ ತಿಂಗಳಲ್ಲಿ ಮತ್ತೆ ಮಾಲು ಬಿದ್ದಿರುತ್ತದೆ, ಆಗ ನನ್ನ ವಿದ್ಯೆಯೇ ಸುಳ್ಳು ಎನ್ನುತ್ತಾರೆ. ಸುಳ್ಳು ವರದಿ ಬರೆದು ಮೇಲೆ ಕೂರುವುದಕ್ಕಿಂತ ನಿಜ ಹೇಳಿ ಕೆಳಗೆ ಹೋಗುವುದೇ ವಾಸಿ ಅನ್ನಿಸಿತು. "ಚಿಕ್ಕದು ಅಂತ ಬರೆಯೋಲ್ಲ ಸಾರ್. ಖಾಲಿ ಅಂತ ಬರೀತೀನಿ. ಬೇಕಾದ್ರೆ ನೀವು ಬರಬೇಡಿ," ಎಂದೆ. ಅವರು ನನ್ನನ್ನೇ ನೋಡಿ, "ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಬಿಟ್ಟರೆ ಕಾರ್ಖಾನೆಗೇ ಬೀಗ ಹಾಕಿಸಿ ಬರ್ತೀರಿ," ಎಂದರು.

ಮಾತಿಗಿಂತ ಮಾದರಿ ವಾಸಿ. ಒಂದು ಹಾಟ್ ಬಾಕ್ಸಿನ ಉಬ್ಬಕ್ಷರ ಉಜ್ಜಿಸಿ ತೆಗೆಸಿ, ಆ ಜಾಗದಲ್ಲಿ ಸ್ಟೀಲಿನ ಪಟ್ಟಿ ಕೂರಿಸಿಕೊಂಡು ಮಾಂಬಲದ ಪಾತ್ರೆ ಅಂಗಡಿಗೆ ಹೋದೆ. ಸೂಜಿ ಯಂತ್ರ ಕೈಯಲ್ಲಿ ಹಿಡಿದವನು "ಏನು ಹೆಸರು?" ಎಂದ. ಯಾವುದೋ ಮದುಮಗಳ ಹೆಸರು ಹೇಳುವುದೆಂದು ಹೊರಟಿದ್ದೆ. ಅಲ್ಲಿ ನಿಂತಾಗ ಬೇರೆ ಹೊಳೆಯಿತು. ಬದಲಿ ಪರೀಕ್ಷೆಯ ನಿಯಮ ಒಂದನ್ನು ಮಾತ್ರ ಬದಲಿಸು ಎನ್ನುತ್ತದೆ. ಹಾಗಾದರೆ ಹೆಸರು ಅದೇ ಇರಲಿ, ಅಕ್ಷರ ಮಾತ್ರ ಬದಲಾಗಲಿ. ಮುದಲಾಳಿಯ ತಾಯಿಯ ಹೆಸರನ್ನೇ ಹೇಳಿದೆ, ಕೆಳಗೆ ನೆನಪಿಗಾಗಿ ಎಂದು ಬರೆಯಲೂ ಹೇಳಿದೆ. ಯಂತ್ರ ಟರ್ ಎಂದು ಚುಕ್ಕೆಗಳನ್ನಿಟ್ಟುಕೊಂಡು ಹೋಯಿತು.

ಅಂಬತ್ತೂರಿನ ಕಾರ್ಖಾನೆಯ ಮೇಲಿನ ಕೋಣೆ. ಕೆಳಗೆ ಯಂತ್ರಗಳ ಸದ್ದಿಗೆ ಮೇಜಿನ ಮೇಲಿನ ನೀರು ನಡುಗುತ್ತಿತ್ತು. ಮುದಲಾಳಿ ಬಿಳಿ ಪಂಚೆಯ, ದೊಡ್ಡ ಕೈಗಳ, ಕಡಿಮೆ ಮಾತಿನ ಮನುಷ್ಯ. ಫೋಟೊಗಳನ್ನು ಎರಡು ಸಾಲಾಗಿ ಇಟ್ಟು ಎಲ್ಲ ವಿವರಿಸಿದೆ. ಮ್ಯಾನೇಜರು ಟೈ ಹಿಡಿದುಕೊಂಡು ನೆಲ ನೋಡುತ್ತಿದ್ದ. ಎದುರಿನ ಹೆಸರು ತೆಗೆಯಬೇಕು ಎಂದಾಗ ಮುದಲಾಳಿ ಕೈಯೆತ್ತಿ ನಿಲ್ಲಿಸಿದರು.

"ನಮ್ಮಮ್ಮ ಯಾರು ಗೊತ್ತೇನಮ್ಮಾ ನಿನಗೆ? ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು ನನ್ನ ಸಾಕಿದವಳು. ಅವಳು ತೊಳೆದ ಒಂದೊಂದು ಪಾತ್ರೆ ಮೇಲೂ ಯಾರದೋ ಹೆಸರು. ಸಾಯೋವರೆಗೂ ಅವಳ ಹೆಸರಿನ ಒಂದು ಲೋಟ ಇರಲಿಲ್ಲ. ಅದಕ್ಕೇ ನಾನು ಮಾಡೋ ಪ್ರತಿ ಪಾತ್ರೆಗೂ ಎದುರಿಗೆ ಅವಳ ಹೆಸರು ಹಾಕಿದ್ದು. ಅದನ್ನ ತಳಕ್ಕೆ ಹಾಕು ಅಂತೀಯಾ?"

ಮಾದರಿ ನನ್ನ ಕಾಲಬಳಿ ಚೀಲದಲ್ಲಿತ್ತು. ಬಾಸ್‌ಗೆ ಅದರ ಮೇಲೆ ಏನು ಬರೆಸಿದ್ದೇನೆಂದು ಗೊತ್ತು, ಬೇಡ ಎಂದು ಕಣ್ಣಲ್ಲೇ ಹೇಳಿದರು. ಹೊರಗೆ ತೆಗೆದರೆ ಇವರ ನೋವಿನ ಜೊತೆ ಆಟವಾಡಿದ ಹಾಗಾದೀತು. ತೆಗೆಯದಿದ್ದರೆ ನಾನು ಹೇಳಿದ್ದು ಒಬ್ಬ ಮಗನ ಹತ್ತಿರ ತಾಯಿಯ ಹೆಸರು ಅಳಿಸು ಎಂಬ ಮಾತಾಗಿ ಉಳಿದೀತು, ಅದು ಇನ್ನೂ ಕೆಟ್ಟದ್ದು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರುತ್ತಲೇ ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಪಕ್ಕದಲ್ಲಿ ಅವರ ಹಳೆಯ ಮಾಲನ್ನೂ ಇಟ್ಟೆ.

"ಎರಡರ ಮೇಲೂ ಅದೇ ಹೆಸರು ಸಾರ್. ಅಕ್ಷರ ಮಾತ್ರ ಬೇರೆ. ಹಳೇದನ್ನ ನೋಡಿದ ಜನ ಕಾರ್ಖಾನೆ ಅಂತ ಓದುತ್ತಾರೆ. ಅಮ್ಮ ಅಂತ ಯಾರೂ ಓದ್ತಾ ಇಲ್ಲ. ಇನ್ನೊಂದನ್ನ ನೀವೇ ಓದಿ," ಎಂದೆ.

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ದೊಡ್ಡ ಹೆಬ್ಬೆರಳನ್ನು ಚುಕ್ಕೆಗಳ ಮೇಲೆ ನಿಧಾನಕ್ಕೆ ಎಳೆದರು, ಒಂದೊಂದು ಅಕ್ಷರದ ಮೇಲೂ ನಿಂತು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಎಳೆದರು. ಹಳೆಯ ಮಾಲನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿದರು.

"ಈ ಅಕ್ಷರ ಕಾರ್ಖಾನೇಲಿ ಬರೋಲ್ಲ," ಎಂದರು.

"ಬರೋಲ್ಲ ಸಾರ್. ಕೊಡುವವರೇ ಹಾಕಿಸಬೇಕು."

"ಸರಿ ಮಾ," ಎಂದು ಮ್ಯಾನೇಜರ ಕಡೆ ತಿರುಗಿದರು. "ಹೊಸ ಅಚ್ಚು ಮಾಡಿಸು. ಎದುರಿಗೆ ಜಾಗ ಖಾಲಿ ಬಿಡು. ಅವರವರ ಅಮ್ಮನ ಹೆಸರು ಅವರವರು ಹಾಕಿಸಿಕೊಳ್ಳಲಿ."

ಮೆಟ್ಟಿಲಿಳಿಯುವಾಗ ಬಾಸ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ, "ಮುಂದಿನದು ಒಂದು ಬಿಸ್ಕತ್ತು ಕಂಪನಿ ಇದೆ. ನಿಮ್ಮ ಮೇಜಿನ ಮೇಲೆ ಇಡಿಸ್ತೀನಿ," ಎಂದರು. ಹೂಂ ಎಂದೆ.

ಗೇಟಿನ ಹತ್ತಿರ ಮುದಲಾಳಿಯ ಕಾರು ಹೊರಡುವುದರಲ್ಲಿತ್ತು. ಮ್ಯಾನೇಜರು ಕಿಟಕಿಗೆ ಬಗ್ಗಿ, ಹೊಸ ಅಚ್ಚಿಗೆ ಅಳತೆ ತೆಗೆದುಕೊಳ್ಳಬೇಕು, ಆ ಮಾದರಿ ಬಿಟ್ಟು ಹೋಗಿ ಎಂದು ಬೇಡುತ್ತಿದ್ದ. ಹಾಟ್ ಬಾಕ್ಸು ಮುದಲಾಳಿಯ ತೊಡೆಯ ಮೇಲಿತ್ತು, ಎರಡು ಕೈಯೂ ಅದರ ಮೇಲೆ.

"ನೀನು ಬೇರೆ ಮಾಡಿಸಿಕೋ," ಎಂದರು. "ಇದು ಮಾಲಲ್ಲ. ಮನೆಗೆ ಹೋಗೋ ಪಾತ್ರೆ."